ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು

ನ್ಯಾಯಪೀಠದಲ್ಲಿ ಕುಳಿತವನ ಕೆಲಸವು ಸಂಜೆಯೊಳಗೆ ಮುಗಿಯತಕ್ಕದ್ದು. ವಾದಿಯ ಮಾತನ್ನೂ ಪ್ರತಿವಾದಿಯ ಮಾತನ್ನೂ ಕೇಳಿ, ಸಾಕ್ಷ್ಯವನ್ನು ತೂಗಿ, ತೀರ್ಪನ್ನು ಬರೆದು ಸಹಿಮಾಡಿದನೆಂದರೆ ಆತನ ಕರ್ತವ್ಯವು ತೀರಿತೆಂದು ಲೋಕವು ಎಣಿಸುತ್ತದೆ. ತನ್ನ ಮುಂದೆ ಬಂದ ವ್ಯಾಜ್ಯದ ಬೇರಿನಲ್ಲಿ ಯಾವ ಬಡತನವಿದೆ, ಯಾವ ಅಜ್ಞಾನವಿದೆ, ಯಾವ ದುಷ್ಟರೂಢಿಯಿದೆ ಎಂಬುದನ್ನು ವಿಚಾರಿಸಿ, ಕಚೇರಿಯ ಬಾಗಿಲು ಮುಚ್ಚಿದ ಮೇಲೆ ಆ ಬೇರನ್ನೇ ತಿದ್ದಲು ತೊಡಗುವ ನ್ಯಾಯಾಧೀಶರು ವಿರಳ. ಉದ್ಯೋಗವನ್ನು ಕಾಯಕವನ್ನಾಗಿಯೂ, ತಾವು ಪಡೆದ ವಿದ್ಯೆ ಅಧಿಕಾರಗಳನ್ನು ಸಮಾಜಕ್ಕೆ ಸಲ್ಲಿಸುವ ದಾಸೋಹವನ್ನಾಗಿಯೂ ಮಾಡಿಕೊಂಡ ಅಂಥ ವಿರಳರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿದ್ದ ಮಹಾದೇವ ಗೋವಿಂದ ರಾನಡೆಯವರು ಅಗ್ರಗಣ್ಯರು. ಅವರು ಶರಣಮತದವರಲ್ಲ, ಕನ್ನಡಿಗರೂ ಅಲ್ಲ. ಆದರೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಸೀಮೆಗಳು ಮುಂಬಯಿ ಇಲಾಖೆಗೆ ಸೇರಿದ್ದ ಆ ಕಾಲದಲ್ಲಿ ಅವರು ಕುಳಿತ ನ್ಯಾಯಸ್ಥಾನವೇ ನಮ್ಮ ನಾಡಿನ ಈ ಭಾಗಕ್ಕೂ ಹಿರಿಯ ನ್ಯಾಯಸ್ಥಾನವಾಗಿತ್ತು. ಸತ್ಪುರುಷರ ಚರಿತ್ರೆಗೆ ಮತದ ಗಡಿಯಾಗಲಿ ಭಾಷೆಯ ಗಡಿಯಾಗಲಿ ಇಲ್ಲವಾದ್ದರಿಂದ ಅವರ ಜೀವನವನ್ನು ಇಲ್ಲಿ ಸ್ಮರಿಸುವುದು ಉಚಿತವೇ ಆಗಿದೆ.

ರಾನಡೆಯವರು ೧೮೪೨ನೆಯ ಇಸವಿಯ ಜನವರಿ ೧೮ರಂದು ನಾಸಿಕ ಜಿಲ್ಲೆಯ ನಿಫಾಡದಲ್ಲಿ ಚಿತ್ಪಾವನ ಬ್ರಾಹ್ಮಣ ಕುಲದಲ್ಲಿ ಜನಿಸಿದರು. ತಂದೆ ಗೋವಿಂದರಾಯರು ಸರಕಾರಿ ನೌಕರಿಯಲ್ಲಿದ್ದು ಮುಂದೆ ಕೊಲ್ಹಾಪುರ ಸಂಸ್ಥಾನದ ಸೇವೆಗೆ ಸೇರಿದ್ದರಿಂದ ಮಗನ ಬಾಲ್ಯವು ಕೊಲ್ಹಾಪುರದಲ್ಲಿ ಕಳೆಯಿತು. ತಾಯಿ ಗೋಪಿಕಾಬಾಯಿಯವರು ಮಗನು ಚಿಕ್ಕವನಾಗಿರುವಾಗಲೇ ತೀರಿಕೊಂಡರು. ಬಾಲಕನು ಮಿತಭಾಷಿ, ನೋಡಿದವರಿಗೆ ಮಂದನಂತೆ ತೋರುತ್ತಿದ್ದನು. ಒಮ್ಮೆ ತಾಯಿಯು ಎರಡು ತುಂಡು ಬರ್ಫಿಯನ್ನು ಕೈಗೆ ಕೊಟ್ಟು, ಒಂದನ್ನು ತಾನು ತಿಂದು ಇನ್ನೊಂದನ್ನು ಜೊತೆಯ ಆಳಿನ ಮಗನಿಗೆ ಕೊಡೆಂದು ಹೇಳಲು, ಹುಡುಗನು ದೊಡ್ಡ ತುಂಡನ್ನು ಅವನಿಗೆ ಕೊಟ್ಟು ಸಣ್ಣದನ್ನು ತಾನು ತಿಂದನೆಂಬ ಕಥೆಯು ಮಹಾರಾಷ್ಟ್ರದಲ್ಲಿ ಮನೆಮಾತಾಗಿದೆ.

ಹದಿನಾಲ್ಕರ ಪ್ರಾಯದಲ್ಲಿ ಅವರು ಮುಂಬಯಿಯ ಎಲ್ಫಿನ್‌ಸ್ಟನ್ ವಿದ್ಯಾಲಯಕ್ಕೆ ಹೋದರು. ೧೮೫೭ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದ ಮೊದಲನೆಯ ಪ್ರವೇಶಪರೀಕ್ಷೆಯು ೧೮೫೯ರಲ್ಲಿ ನಡೆಯಲು, ಅದರಲ್ಲಿ ತೇರ್ಗಡೆಯಾದ ೨೧ ಮಂದಿಯಲ್ಲಿ ಅವರೂ ಒಬ್ಬರು. ೧೮೬೨ರಲ್ಲಿ ಬಿ.ಎ., ೧೮೬೪ರಲ್ಲಿ ಎಂ.ಎ., ೧೮೬೬ರಲ್ಲಿ ಎಲ್‌ಎಲ್.ಬಿ. ಪದವಿಗಳನ್ನು ಪಡೆದರು. ಹಗಲಿರುಳೆನ್ನದೆ ಓದಿದ್ದರಿಂದ ಕಣ್ಣುಗಳು ಕೆಟ್ಟವು. ಈ ಬಾಧೆಯು ಜೀವಮಾನವೆಲ್ಲ ಅವರನ್ನು ಬಿಡಲಿಲ್ಲ. ವಿದ್ಯಾರ್ಥಿದಶೆಯಲ್ಲಿ ಒಂದು ಪ್ರಬಂಧವನ್ನು ಬರೆಯುತ್ತ, ಮರಾಠರ ಆಳಿಕೆಯೊಡನೆ ಆಂಗ್ಲರ ಆಳಿಕೆಯನ್ನು ಹೋಲಿಸಿ ನಿರ್ಭೀತಿಯಿಂದ ತಮ್ಮ ಅಭಿಪ್ರಾಯವನ್ನು ತಿಳಿಸಿದರು. ಅದನ್ನೋದಿದ ಪ್ರಾಚಾರ್ಯ ಸರ್ ಅಲೆಕ್ಸಾಂಡರ್ ಗ್ರಾಂಟರು ಆರು ತಿಂಗಳ ಕಾಲ ಅವರ ವಿದ್ಯಾರ್ಥಿವೇತನವನ್ನು ತಡೆಹಿಡಿದರು. ತರುಣನು ಅಭಿಪ್ರಾಯವನ್ನು ಬದಲಿಸಲಿಲ್ಲ, ಗುರುಗಳ ವಿಷಯದಲ್ಲಿ ದ್ವೇಷವನ್ನೂ ಇಟ್ಟುಕೊಳ್ಳಲಿಲ್ಲ. ಈ ಎರಡು ಗುಣಗಳೂ ಒಂದೇ ಮನುಷ್ಯನಲ್ಲಿ ನೆಲಸಿದ್ದುದೇ ಅವರ ಮುಂದಿನ ಜೀವನದ ಕೀಲಿಕೈ.

ವ್ಯಾಸಂಗ ಮುಗಿದ ಮೇಲೆ ಸರಕಾರದ ಭಾಷಾಂತರಕಾರರಾಗಿಯೂ, ಕನ್ನಡಿಗರೂ ಲಿಂಗವಂತರೂ ಬಹುಸಂಖ್ಯೆಯಲ್ಲಿ ವಾಸಿಸುವ ಅಕ್ಕಲಕೋಟೆ ಸಂಸ್ಥಾನದಲ್ಲಿ ಕಾರಭಾರಿಗಳಾಗಿಯೂ, ಕೊಲ್ಹಾಪುರದಲ್ಲಿ ನ್ಯಾಯಾಧೀಶರಾಗಿಯೂ, ತಾವು ಕಲಿತ ವಿದ್ಯಾಲಯದಲ್ಲಿಯೇ ಅಧ್ಯಾಪಕರಾಗಿಯೂ ಕೆಲಕೆಲವು ಕಾಲ ಕೆಲಸ ಮಾಡಿದರು. ೧೮೬೭ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಪ್ರಾರ್ಥನಾ ಸಮಾಜಕ್ಕೆ ಅವರೂ ಅವರ ಮಿತ್ರರಾದ ಡಾಕ್ಟರ್ ರಾಮಕೃಷ್ಣ ಗೋಪಾಳ ಭಾಂಡಾರಕರರೂ ಸೇರಿ ಆಧಾರಸ್ತಂಭಗಳಾದರು. ದೇವನೊಬ್ಬನೇ ಎಂಬ ನಂಬಿಕೆ, ಜಾತಿಭೇದದ ನಿರಾಕರಣೆ, ಸ್ತ್ರೀವಿದ್ಯೆ, ವಿಧವಾವಿವಾಹ ಇವು ಆ ಸಮಾಜದವರ ಧ್ಯೇಯಗಳು.

೧೮೭೧ರಲ್ಲಿ ಅವರು ಪುಣೆಗೆ ಸಬಾರ್ಡಿನೇಟ್ ಜಡ್ಜರಾಗಿ ಬಂದರು. ಹಿಂದಿನ ವರ್ಷವಷ್ಟೇ ಅಲ್ಲಿ ಗಣೇಶ ವಾಸುದೇವ ಜೋಶಿಯವರು ಸಾರ್ವಜನಿಕ ಸಭೆಯನ್ನು ಸ್ಥಾಪಿಸಿದ್ದರು. ಜೋಶಿಯವರು ಆ ಸಭೆಯ ದೇಹವಾದರೆ ರಾನಡೆಯವರು ಅದರ ಪ್ರಾಣವಾದರು. ಸರಕಾರದ ನೌಕರರಾದ್ದರಿಂದ ಅವರು ಮುಂದೆ ನಿಲ್ಲುವಂತಿರಲಿಲ್ಲ. ಆದರೆ ಸಭೆಯ ಅರ್ಜಿಗಳೂ ವಿಚಾರಣೆಗಳೂ ಅವರ ಬುದ್ಧಿಯಿಂದ ರೂಪುಗೊಳ್ಳುತ್ತಿದ್ದವು. ೧೮೭೬ರಿಂದ ೧೮೭೮ರವರೆಗೆ ದಖ್ಖಣವನ್ನೂ ನಮ್ಮ ಬಯಲುಸೀಮೆಯನ್ನೂ ಸುಟ್ಟ ಘೋರ ಕ್ಷಾಮದಲ್ಲಿ ಸಭೆಯವರು ಹಳ್ಳಿಹಳ್ಳಿಗಳಿಂದ ವೃತ್ತಾಂತಗಳನ್ನು ತರಿಸಿ, ಜನರ ಸ್ಥಿತಿಯನ್ನು ಸರಕಾರದ ಮುಂದೆ ಅಂಕಿಅಂಶಗಳೊಡನೆ ಇಟ್ಟರು. ಬರಿಯ ಗೋಳಾಟದಿಂದ ಪ್ರಯೋಜನವಿಲ್ಲ, ದೂರು ಕೊಡುವವನು ಮೊದಲು ನಿಜವನ್ನು ಎಣಿಸಿ ಅಳೆದು ತರಬೇಕು ಎಂಬ ನ್ಯಾಯಸ್ಥಾನದ ಶಿಸ್ತನ್ನು ಅವರು ಲೋಕಸೇವೆಗೂ ತಂದರು.

ಇದರಿಂದ ಅಧಿಕಾರಿಗಳ ಸಂಶಯವೂ ಬಂದಿತು. ೧೮೭೮ರಲ್ಲಿ ಅವರನ್ನು ನಾಸಿಕಕ್ಕೂ, ಮರುವರ್ಷ ದೂರದ ಧುಳೆಗೂ ವರ್ಗ ಮಾಡಿದರು. ಅದೇ ೧೮೭೯ರಲ್ಲಿ ವಾಸುದೇವ ಬಳವಂತ ಫಡಕೆಯವರ ಬಂಡಾಯವೆದ್ದಿತು. ಪುಣೆಯಲ್ಲಿ ಪೇಶವೆಯವರ ವಾಡೆಗಳಿಗೆ ಬೆಂಕಿಬಿದ್ದಿತು. ಧುಳೆಯಲ್ಲಿದ್ದ ಈ ನ್ಯಾಯಾಧೀಶರ ಅಂಚೆಯನ್ನು ಒಡೆದು ನೋಡುವ ಏರ್ಪಾಡಾಯಿತು. ರಾನಡೆಯವರು ಇದನ್ನು ಅರಿತೂ ಅರಿಯದಂತಿದ್ದು ತಮ್ಮ ಕೆಲಸವನ್ನು ಮಾಡಿಕೊಂಡಿದ್ದರು. ಸಂಶಯಕ್ಕೆ ಆಧಾರವಿಲ್ಲವೆಂದು ಸರಕಾರಕ್ಕೇ ಕಾಲಕ್ರಮದಲ್ಲಿ ಮನವರಿಕೆಯಾಯಿತು.

ಪರರನ್ನು ತೂಗುವ ನ್ಯಾಯಾಧೀಶನು ತನ್ನನ್ನು ತಾನು ತೂಗಬೇಕಾದ ದಿನವೂ ಬರುತ್ತದೆ. ರಾನಡೆಯವರಿಗೆ ಆ ದಿನವು ೧೮೭೩ರಲ್ಲಿ ಬಂದಿತು. ಬಾಲ್ಯದಲ್ಲಿ ವಿವಾಹವಾಗಿದ್ದ ಅವರ ಪತ್ನಿ ಸಖೂಬಾಯಿಯವರು ಆ ವರ್ಷ ತೀರಿಹೋದರು. ವಿಧವಾವಿವಾಹದ ಪಕ್ಷವನ್ನು ಬಹಿರಂಗವಾಗಿ ಎತ್ತಿಹಿಡಿದಿದ್ದ ಅವರು ಈಗ ಒಬ್ಬ ವಿಧವೆಯನ್ನೇ ಕೈಹಿಡಿಯುವರೆಂದು ಸುಧಾರಕರೆಲ್ಲ ಆಸೆಯಿಂದ ನೋಡುತ್ತಿದ್ದರು. ಅದನ್ನೇ ಭಯಪಟ್ಟ ವೃದ್ಧ ತಂದೆಯು ಅವಸರವಾಗಿ ಹನ್ನೊಂದು ವರ್ಷದ ಕನ್ಯೆಯೊಬ್ಬಳನ್ನು ಗೊತ್ತುಮಾಡಿ, ಮಗನು ಒಪ್ಪದಿದ್ದರೆ ಮನೆಯ ಸಂಬಂಧವೇ ಮುರಿಯುವ ಸ್ಥಿತಿಯನ್ನು ತಂದಿಟ್ಟರು. ರಾನಡೆಯವರು ಬಹಳ ಬೇಡಿಕೊಂಡರು. ಕಡೆಗೆ ಪಿತೃವಾಕ್ಯಕ್ಕೆ ತಲೆಬಾಗಿದರು. ಮೂವತ್ತೊಂದು ವರ್ಷದ ಸುಧಾರಕರು ಹನ್ನೊಂದು ವರ್ಷದ ರಮಾಬಾಯಿಯನ್ನು ವಿವಾಹವಾದರು. ನುಡಿದಂತೆ ನಡೆಯಲಿಲ್ಲವೆಂದು ಲೋಕವು ನಕ್ಕಿತು, ಮಿತ್ರರು ನೊಂದರು. ಈ ಲೋಪವನ್ನು ಅಲ್ಲವೆನ್ನುವುದು ಸತ್ಯಕ್ಕೆ ದ್ರೋಹವಾದೀತು. ಅವರಾದರೂ ಸಮರ್ಥನೆಯನ್ನು ಹೂಡದೆ ನಿಂದೆಯನ್ನು ಮೌನವಾಗಿ ಹೊತ್ತುಕೊಂಡರು.

ಆದರೆ ಆ ಋಣವನ್ನು ಅವರು ತೀರಿಸಲು ತೊಡಗಿದ ಬಗೆಯು ಅಪೂರ್ವವಾದುದು. ಅಕ್ಷರವನ್ನೇ ಅರಿಯದೆ ಮನೆಗೆ ಬಂದ ಬಾಲೆಗೆ ಅವರೇ ಗುರುಗಳಾಗಿ, ಕಚೇರಿಯಿಂದ ದಣಿದು ಬಂದ ಮೇಲೂ ಪಾಠ ಹೇಳಿಕೊಟ್ಟರು. ಮರಾಠಿಯಾದ ಮೇಲೆ ಇಂಗ್ಲಿಷನ್ನೂ ಕಲಿಸಿದರು. ಮನೆಯ ಹಿರಿಯ ಹೆಂಗಸರು ಓದುವ ಸೊಸೆಯನ್ನು ಚುಚ್ಚಿ ನುಡಿಯುತ್ತಿದ್ದರು. ರಾನಡೆಯವರು ಹಿರಿಯರನ್ನು ಗದರಿಸಲಿಲ್ಲ, ಪಾಠವನ್ನು ನಿಲ್ಲಿಸಲೂ ಇಲ್ಲ. ಸಹಿಸಿಕೊಂಡು ಮುಂದುವರಿಯಬೇಕೆಂದು ಪತ್ನಿಗೆ ತಿಳಿಹೇಳಿದರು. ಪುಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ಹೈಸ್ಕೂಲನ್ನು ತೆರೆಯಬೇಕೆಂದು ರಾನಡೆ, ಭಾಂಡಾರಕರ, ವಾಮನರಾವ ಮೋಡಕ ಮುಂತಾದವರು ಯತ್ನಿಸಿದಾಗ ರಮಾಬಾಯಿಯವರು ತುಂಬಿದ ಸಭೆಯಲ್ಲಿ ಇಂಗ್ಲಿಷಿನಲ್ಲಿ ವಿಜ್ಞಾಪನೆಯನ್ನು ಓದಿದರು. ೧೮೮೪ರಲ್ಲಿ ಆ ಶಾಲೆಯು ಪ್ರಾರಂಭವಾಯಿತು. ಹುಜೂರಪಾಗಾ ಶಾಲೆಯೆಂದು ಇಂದಿಗೂ ಪ್ರಸಿದ್ಧವಾಗಿದೆ. ಪತಿಯ ಮರಣಾನಂತರ ರಮಾಬಾಯಿಯವರು ೧೯೦೯ರಲ್ಲಿ ಪುಣೆಯ ಸೇವಾಸದನವನ್ನು ಕಟ್ಟಿ, ಅನಾಥ ಸ್ತ್ರೀಯರನ್ನೂ ವಿಧವೆಯರನ್ನೂ ಶಿಕ್ಷಕಿಯರನ್ನಾಗಿ, ದಾದಿಯರನ್ನಾಗಿ ತಯಾರಿಸಿದರು. ೧೯೨೪ರಲ್ಲಿ ದಿವಂಗತರಾಗುವವರೆಗೂ ಆ ವ್ರತವನ್ನು ಬಿಡಲಿಲ್ಲ. ಒಂದು ದಿನ ತಪ್ಪಿದ ಹೆಜ್ಜೆಗೆ ಇಪ್ಪತ್ತೇಳು ವರ್ಷದ ದಾಂಪತ್ಯವು ಕೊಟ್ಟ ಉತ್ತರವಿದು.

ಇನ್ನು ಅವರ ನ್ಯಾಯಕಾಯಕದಲ್ಲಿ ಅತ್ಯಂತ ಮಹತ್ತ್ವದ ಭಾಗವು ರೈತರ ಸಾಲದ ವಿಷಯದ್ದು. ರೈತವಾರಿ ಪದ್ಧತಿಯಲ್ಲಿ ಕಂದಾಯವನ್ನು ನಗದಾಗಿಯೇ ಕೊಡಬೇಕಾಗಿದ್ದುದರಿಂದ, ಮಳೆ ಬಂದರೂ ಬಾರದಿದ್ದರೂ ಒಕ್ಕಲಿಗನು ಸಾಹುಕಾರನ ಬಾಗಿಲಿಗೆ ಹೋಗುತ್ತಿದ್ದನು. ಅಮೇರಿಕೆಯ ಅಂತರ್ಯುದ್ಧದ ಕಾಲದಲ್ಲಿ, ಎಂದರೆ ೧೮೬೧ರಿಂದ ೧೮೬೫ರವರೆಗೆ, ಹತ್ತಿಯ ಬೆಲೆಯು ಏರಿ ಸಾಲವು ಸುಲಭವಾಗಿ ಸಿಕ್ಕಿತು. ಯುದ್ಧವು ಮುಗಿದೊಡನೆ ಬೆಲೆಯು ಇಳಿದು ಸಾಲವು ಮಾತ್ರ ಉಳಿಯಿತು. ಸಾಲದ ವಾಯಿದೆಯು ಮೂರು ವರ್ಷಕ್ಕೆ ತೀರುವಂತೆ ೧೮೫೯ರ ಕಾಯಿದೆಯು ವಿಧಿಸಿದ್ದರಿಂದ, ಆ ಅವಧಿಯೊಳಗೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರವನ್ನು ಬರೆಯಿಸಿಕೊಳ್ಳುವುದು ಸಾಹುಕಾರರ ರೂಢಿಯಾಯಿತು. ಓದುಬರಹವಿಲ್ಲದ ರೈತನು ಹೆಬ್ಬೆಟ್ಟೊತ್ತುತ್ತಿದ್ದನು. ಕೋರ್ಟಿನಲ್ಲಿ ಪತ್ರವೇ ಪ್ರಮಾಣವಾಗಿ, ಹೊಲಮನೆಗಳು ಡಿಕ್ರಿಯ ಪಾಲಾಗುತ್ತಿದ್ದವು. ೧೮೭೫ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ದಂಗೆಯೆದ್ದು ಸಾಹುಕಾರರ ಲೆಕ್ಕದ ಪುಸ್ತಕಗಳನ್ನೂ ಸಾಲಪತ್ರಗಳನ್ನೂ ಬೀದಿಗೆ ತಂದು ಸುಟ್ಟರು. ಮನುಷ್ಯರನ್ನು ಕೊಲ್ಲುವುದಕ್ಕಿಂತ ಪತ್ರಗಳನ್ನು ಸುಡುವುದೇ ಅವರ ಗುರಿಯಾಗಿದ್ದಿತೆಂಬುದು, ಅವರ ನೋವಿನ ಮೂಲವು ಎಲ್ಲಿತ್ತೆಂಬುದನ್ನು ತಾನೇ ಹೇಳುತ್ತದೆ.

ಇದರ ಪರಿಣಾಮವಾಗಿ ೧೮೭೯ರಲ್ಲಿ ದಖ್ಖಣದ ಒಕ್ಕಲಿಗರ ಪರಿಹಾರದ ಕಾಯಿದೆಯು ಪುಣೆ, ಸಾತಾರೆ, ಸೊಲ್ಲಾಪುರ, ಅಹಮದನಗರ ಎಂಬ ನಾಲ್ಕು ಜಿಲ್ಲೆಗಳಲ್ಲಿ ಜಾರಿಗೆ ಬಂದಿತು. ನ್ಯಾಯಾಧೀಶನು ಪತ್ರವನ್ನಷ್ಟೇ ನೋಡದೆ ಸಾಲದ ಹಿಂದಿನ ಚರಿತ್ರೆಯನ್ನೆಲ್ಲ ಕೆದಕಿ ನಿಜವಾಗಿ ಸಲ್ಲತಕ್ಕುದೆಷ್ಟೆಂಬುದನ್ನು ನಿರ್ಣಯಿಸಬೇಕು. ಕಂತುಗಳಲ್ಲಿ ತೀರಿಸಲು ಅವಕಾಶ ಕೊಡಬೇಕು. ಸಾಲಕ್ಕಾಗಿ ಒಕ್ಕಲಿಗನನ್ನು ಸೆರೆಗೆ ಹಾಕಬಾರದು. ದಾವೆಗೆ ಮೊದಲು ಊರಿನಲ್ಲಿಯೇ ರಾಜಿಯಾಗುವಂತೆ ಮಧ್ಯಸ್ಥರು ಯತ್ನಿಸಬೇಕು ಎಂಬುವು ಅದರ ಮುಖ್ಯಾಂಶಗಳು. ರಾನಡೆಯವರು ಮೊದಲು ಈ ಕಾಯಿದೆಯ ವಿಶೇಷ ನ್ಯಾಯಾಧೀಶರಿಗೆ ಸಹಾಯಕರಾಗಿದ್ದು, ೧೮೮೭ರಿಂದ ೧೮೯೩ರವರೆಗೆ ತಾವೇ ಆ ಸ್ಥಾನದಲ್ಲಿದ್ದರು. ನಾಲ್ಕು ಜಿಲ್ಲೆಗಳ ಕೋರ್ಟುಗಳನ್ನು ತಪಾಸಣೆ ಮಾಡುತ್ತ ವರ್ಷದ ಬಹುಭಾಗವನ್ನು ಅವರು ಸಂಚಾರದಲ್ಲಿಯೇ ಕಳೆಯುತ್ತಿದ್ದರು, ರಮಾಬಾಯಿಯವರೂ ಜೊತೆಯಲ್ಲಿರುತ್ತಿದ್ದರು. ಬಿಡಾರವಿಳಿದ ಊರುಗಳಲ್ಲಿ ಶಾಲೆಗಳನ್ನು ನೋಡುವುದು, ಊರವರೊಡನೆ ಮಾತಾಡುವುದು ಅವರಿಗೆ ನಿತ್ಯಕರ್ಮವಾಗಿತ್ತು.

ಆದರೆ ಕಾಯಿದೆಯಿಂದಲೇ ಸಾಲವು ನೀಗದೆಂಬುದೂ ಅವರಿಗೆ ಅನುಭವದಿಂದ ಗೋಚರವಾಯಿತು. ಸಾಹುಕಾರನ ಕೈಯನ್ನು ಕಟ್ಟಿದರೆ ಸಾಲದು. ಕಡಿಮೆ ಬಡ್ಡಿಗೆ ಹಣವು ದೊರೆಯುವ ಬೇರೆ ದಾರಿಯನ್ನು ತೋರಿಸದಿದ್ದರೆ ರೈತನು ಮತ್ತೆ ಅದೇ ಬಾಗಿಲಿಗೆ ಹೋಗುವನು. ಆದ್ದರಿಂದ ಯುರೋಪಿನ ಭೂಬ್ಯಾಂಕುಗಳ ವ್ಯವಸ್ಥೆಯನ್ನು ಅಭ್ಯಸಿಸಿ, ಅಂಥ ಸಂಸ್ಥೆಗಳು ಈ ದೇಶದಲ್ಲಿಯೂ ಆಗಬೇಕೆಂದು ಬರೆದರು. ದೇಶವು ಕೇವಲ ಬೇಸಾಯವನ್ನೇ ನಂಬಿಕೊಂಡರೆ ದಾರಿದ್ರ್ಯವು ತಪ್ಪದು, ಕೈಗಾರಿಕೆಗಳು ಬೆಳೆಯಬೇಕು ಎಂಬುದು ೧೮೯೨ರಲ್ಲಿ ಅವರು ಪುಣೆಯಲ್ಲಿ ಮಾಡಿದ ಪ್ರಸಿದ್ಧ ಉಪನ್ಯಾಸದ ಸಾರ. ಅವರ ಕಾಲಾನಂತರ, ೧೯೦೪ರಲ್ಲಿ ಸಹಕಾರಿ ಸಂಘಗಳ ಕಾಯಿದೆಯು ಬಂದಿತು. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ನಮ್ಮ ನಾಡಿನ ಮೊದಲ ಕೃಷಿ ಸಹಕಾರಿ ಸಂಘವನ್ನು ಸ್ಥಾಪಿಸಿದರು. ನ್ಯಾಯಾಧೀಶರು ನಾಲ್ಕು ಜಿಲ್ಲೆಗಳನ್ನು ಸುತ್ತಿ ಕಂಡ ರೋಗಕ್ಕೆ ಕನ್ನಡದ ಹಳ್ಳಿಯೊಂದು ತನ್ನದೇ ಮದ್ದನ್ನು ಕಂಡುಕೊಂಡಿತು.

ಸಮಾಜಸುಧಾರಣೆಯಲ್ಲಿ ರಾನಡೆಯವರ ಮಾರ್ಗವು ಮುರಿಯುವುದಲ್ಲ, ಬೆಸೆಯುವುದು. ಜನರನ್ನು ಬಿಟ್ಟು ಮುಂದೋಡಿದವನು ಒಬ್ಬನೇ ಊರು ಸೇರುವನು, ಜನರು ಹಿಂದೆಯೇ ಉಳಿಯುವರು ಎಂದು ಅವರು ಭಾವಿಸಿದ್ದರು. ಈ ಮಾರ್ಗದಲ್ಲಿ ಎರಡು ಕಡೆಯ ಪೆಟ್ಟೂ ಬೀಳುತ್ತದೆ. ೧೮೭೫ರಲ್ಲಿ ದಯಾನಂದ ಸರಸ್ವತಿಗಳು ಪುಣೆಗೆ ಬಂದಾಗ ಅವರ ಮೆರವಣಿಗೆಯಲ್ಲಿ ನಡೆದುದಕ್ಕಾಗಿ ಸನಾತನಿಗಳು ಎರಚಿದ ಕೆಸರನ್ನು ಮೈಮೇಲೆ ಹೊತ್ತು ಮನೆಗೆ ಬಂದರು. ೧೮೯೦ರಲ್ಲಿ ಪುಣೆಯ ಕ್ರೈಸ್ತ ಮಿಷನ್ನಿನವರ ಮನೆಯಲ್ಲಿ ನಡೆದ ಚಹಾಪಾನದ ಕೂಟಕ್ಕೆ ಹೋದವರನ್ನು ಬಹಿಷ್ಕರಿಸಬೇಕೆಂಬ ಗಲಭೆಯೆದ್ದಿತು. ರಾನಡೆಯವರಿಗೆ ಬಹಿಷ್ಕಾರದ ಭಯವಿರಲಿಲ್ಲ. ಆದರೆ ಅವರೊಡನೆ ಸಿಕ್ಕಿಕೊಂಡ ಬಡ ಸ್ನೇಹಿತರ ಮನೆಗಳಲ್ಲಿ ಮದುವೆ ಮುಂಜಿಗಳು ನಿಂತುಹೋಗಿದ್ದವು. ಅವರಿಗಾಗಿ ರಾನಡೆಯವರೂ ೧೮೯೨ರಲ್ಲಿ ಪ್ರಾಯಶ್ಚಿತ್ತವನ್ನು ಮಾಡಿಕೊಂಡರು. ಈ ಬಾರಿ ನಿಂದಿಸಿದವರು ಸುಧಾರಕರು. ಸ್ವಂತ ಕೀರ್ತಿಯನ್ನು ಕಾಪಾಡಿಕೊಳ್ಳುವುದಕ್ಕಿಂತ ಆಪ್ತರ ಕಷ್ಟವನ್ನು ನೀಗುವುದು ದೊಡ್ಡದೆಂದು ಅವರು ಎಣಿಸಿದರು. ಅದು ದೌರ್ಬಲ್ಯವೋ ಔದಾರ್ಯವೋ ಎಂಬ ಚರ್ಚೆಯು ಅಂದಿನಿಂದ ನಡೆದುಬಂದಿದೆ. ಲಾಭಕ್ಕಾಗಿ ಮಾಡಿದ ಕಾರ್ಯವಲ್ಲವೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

೧೮೮೫ರಲ್ಲಿ ರಾಷ್ಟ್ರೀಯ ಸಭೆಯು ಹುಟ್ಟಿದ ಮೇಲೆ, ಸಾಮಾಜಿಕ ದೋಷಗಳನ್ನು ವಿಚಾರಿಸಲು ೧೮೮೭ರಲ್ಲಿ ರಾಷ್ಟ್ರೀಯ ಸಾಮಾಜಿಕ ಪರಿಷತ್ತನ್ನು ಅವರು ಸ್ಥಾಪಿಸಿದರು. ರಾಷ್ಟ್ರೀಯ ಸಭೆಯ ಮಂಟಪದಲ್ಲಿಯೇ ಪ್ರತಿವರ್ಷವೂ ಪರಿಷತ್ತು ಕೂಡುತ್ತಿದ್ದಿತು. ೧೮೯೫ರಲ್ಲಿ ಪುಣೆಯಲ್ಲಿ ಸಭೆ ಸೇರಿದಾಗ ಪರಿಷತ್ತಿಗೆ ಮಂಟಪವನ್ನು ಕೊಡಕೂಡದೆಂದು ಪ್ರತಿಪಕ್ಷದವರು ಹಟಹಿಡಿದರು. ತಾವೇ ಬೆಳಸಿದ ಊರಿನಲ್ಲಿ, ತಮ್ಮ ಕಣ್ಣೆದುರಿಗೆ ಒಡಕುಂಟಾಗುವುದನ್ನು ಕಂಡ ರಾನಡೆಯವರು ಮಂಟಪವನ್ನು ಬಿಟ್ಟುಕೊಟ್ಟು ಪರಿಷತ್ತನ್ನು ಬೇರೆಡೆಯಲ್ಲಿ ನಡೆಸಿದರು. ಇಪ್ಪತ್ತೈದು ವರ್ಷ ದುಡಿದ ಸಾರ್ವಜನಿಕ ಸಭೆಯೂ ಆ ಸುಮಾರಿಗೆ ಬಾಳ ಗಂಗಾಧರ ಟಿಳಕರ ಪಕ್ಷದ ವಶವಾಗಲು, ೧೮೯೬ರಲ್ಲಿ ದಖ್ಖಣ ಸಭೆಯೆಂಬ ಹೊಸ ಸಂಸ್ಥೆಯನ್ನು ಕಟ್ಟಿ ಮೊದಲಿನಿಂದ ಕೆಲಸಕ್ಕೆ ತೊಡಗಿದರು. ಕಳೆದುಕೊಂಡುದಕ್ಕಾಗಿ ಅಳುತ್ತ ಕುಳಿತುಕೊಳ್ಳುವ ಸ್ವಭಾವವು ಅವರದಾಗಿರಲಿಲ್ಲ.

೧೮೯೩ರಲ್ಲಿ ನ್ಯಾಯಮೂರ್ತಿ ಕಾಶೀನಾಥ ತ್ರ್ಯಂಬಕ ತೇಲಂಗರು ಅಕಾಲದಲ್ಲಿ ಮೃತರಾಗಲು ಅವರ ಸ್ಥಾನಕ್ಕೆ ರಾನಡೆಯವರು ನಿಯುಕ್ತರಾದರು. ದೊಡ್ಡ ಪದವಿಯು ಬಂದರೂ ಅವರ ನಡೆ ಬದಲಾಗಲಿಲ್ಲ. ಹಿಂದೊಮ್ಮೆ ಕಲಕತ್ತೆಯಲ್ಲಿದ್ದಾಗ ಬಂಗಾಲಿಯ ಬಾಲಬೋಧೆಯನ್ನು ಕೊಂಡುತಂದು, ಕ್ಷೌರಕ್ಕೆ ಬಂದ ನಾವಿದನಿಂದಲೇ ಅಕ್ಷರಗಳ ಉಚ್ಚಾರವನ್ನು ಕೇಳಿ ಕಲಿತುದನ್ನು ರಮಾಬಾಯಿಯವರು ತಮ್ಮ ನೆನಪಿನ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ಕಲಿಸಬಲ್ಲವನು ಯಾವನಾದರೂ ಅವನು ಗುರು ಎಂಬುದು ಅವರ ಮತ. ಮುಂಬಯಿ ವಿಶ್ವವಿದ್ಯಾಲಯವು ದೇಶಭಾಷೆಗಳನ್ನು ದೂರವಿಟ್ಟು ಸಂಸ್ಕೃತಾದಿ ಪ್ರಾಚೀನ ಭಾಷೆಗಳಿಗೆ ಮಾತ್ರ ಮನ್ನಣೆ ಕೊಟ್ಟಿದ್ದಿತು. ಜನರ ನುಡಿಯಲ್ಲಿ ವಿದ್ಯೆಯಿಲ್ಲದಿದ್ದರೆ ವಿದ್ಯೆಯು ಜನರನ್ನು ಮುಟ್ಟದೆಂದು ತಿಳಿದಿದ್ದ ರಾನಡೆಯವರು, ದೇಶಭಾಷೆಗಳಿಗೆ ಅಲ್ಲಿ ಸ್ಥಾನ ದೊರೆಯಬೇಕೆಂದು ಕಡೆಯವರೆಗೂ ಹೆಣಗಿದರು. ಮರಾಠಿ ಗುಜರಾತಿಗಳಂತೆ ಕನ್ನಡವೂ ಆ ವಿಶ್ವವಿದ್ಯಾಲಯದ ಸೀಮೆಯ ಮನೆಮಾತಾಗಿದ್ದುದರಿಂದ ಈ ಹೋರಾಟದಲ್ಲಿ ನಮಗೂ ಪಾಲಿದೆ.

ಹೈಕೋರ್ಟಿನ ದುಡಿಮೆಯ ನಡುವೆಯೇ ಅವರು ಮರಾಠರ ಚರಿತ್ರೆಯನ್ನು ಬರೆದು ೧೯೦೦ರಲ್ಲಿ ಪ್ರಕಟಿಸಿದರು. ಶಿವಾಜಿ ಮಹಾರಾಜರ ಪರಾಕ್ರಮವನ್ನು ಹೇಳುವುದರೊಡನೆ, ಆ ಪರಾಕ್ರಮಕ್ಕೆ ನೆಲವನ್ನು ಹದಮಾಡಿದವರು ಸಂತರೆಂದು ಅದರಲ್ಲಿ ಪ್ರತಿಪಾದಿಸಿದರು. ಸಿಂಪಿಗ ನಾಮದೇವ, ಕುಂಬಾರ ಗೋರಾ, ತೋಟಿಗ ಸಾವತಾ, ಮಹಾರ ಜಾತಿಯ ಚೋಖಾಮೇಳ, ಇವರೆಲ್ಲರೂ ದೇವರೆದುರಿಗೆ ಕುಲವಿಲ್ಲವೆಂದು ಸಾರಿ, ಜನರ ನುಡಿಯಲ್ಲಿ ಹಾಡಿ, ಚೆದರಿದ ಜನವನ್ನು ಒಂದು ಜನಾಂಗವನ್ನಾಗಿ ಮಾಡಿದರೆಂಬುದು ಅವರ ಸಿದ್ಧಾಂತ. ಬಸವಣ್ಣನವರ ಅನುಭವಮಂಟಪದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹರಳಯ್ಯ ಮೊದಲಾದ ಶರಣರು ಸರಿಸಮನಾಗಿ ಕುಳಿತುದನ್ನು ಅರಿತ ನಮಗೆ ಈ ಮಾತು ಹೊಸದಲ್ಲ; ಆದರೆ ಇಂಗ್ಲಿಷ್ ವಿದ್ಯೆಯ ಶಿಖರದಲ್ಲಿದ್ದ ನ್ಯಾಯಮೂರ್ತಿಯೊಬ್ಬರು ಜನಾಂಗದ ಬಲವನ್ನು ರಾಜರಲ್ಲಿ ಮಾತ್ರವಲ್ಲದೆ ಕಾಯಕದ ಜನರ ಭಕ್ತಿಯಲ್ಲಿ ಕಂಡುದು ವಿಶೇಷವಾದುದು. ತುಕಾರಾಮರ ಅಭಂಗಗಳನ್ನು ಮುಂಜಾವಿನಲ್ಲಿ ತಮ್ಮಷ್ಟಕ್ಕೆ ತಾವೇ ಹಾಡಿಕೊಳ್ಳುತ್ತ ಕಣ್ಣೀರಿಡುತ್ತಿದ್ದ ಅವರಿಗೆ ಅದು ಕೇವಲ ಪಾಂಡಿತ್ಯದ ಮಾತಾಗಿರಲಿಲ್ಲ.

೧೯೦೦ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಕೂಡಿದ ಸಾಮಾಜಿಕ ಪರಿಷತ್ತಿಗೆ ಹೋಗಲು ಅವರ ಹೃದಯರೋಗವು ಅವಕಾಶ ಕೊಡಲಿಲ್ಲ. ತಮ್ಮ ಭಾಷಣವನ್ನು ಪ್ರಿಯಶಿಷ್ಯರಾದ ಗೋಪಾಲಕೃಷ್ಣ ಗೋಖಲೆಯವರ ಕೈಯಲ್ಲಿ ಕಳುಹಿಸಿಕೊಟ್ಟರು. ೧೯೦೧ರ ಜನವರಿ ೧೬ರ ರಾತ್ರಿ, ಐವತ್ತೊಂಬತ್ತು ವರ್ಷಗಳು ತುಂಬಲು ಎರಡು ದಿನವಿರುವಾಗ, ಮುಂಬಯಿಯಲ್ಲಿ ದೇಹವನ್ನು ಬಿಟ್ಟರು. ತೆರವಾದ ನ್ಯಾಯಪೀಠವು ಉತ್ತರ ಕನ್ನಡದ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರರಿಗೆ ಬಂದಿತು. ಅವರೂ ಪ್ರಾರ್ಥನಾ ಸಮಾಜದ ಮುಂದಾಳುಗಳಾಗಿ, ೧೯೦೬ರಲ್ಲಿ ಜಮಖಂಡಿಯ ವಿಠ್ಠಲ ರಾಮಜಿ ಶಿಂದೆಯವರು ಅಸ್ಪೃಶ್ಯರ ಏಳಿಗೆಗಾಗಿ ಸ್ಥಾಪಿಸಿದ ಸಂಸ್ಥೆಗೆ ಅಧ್ಯಕ್ಷರಾದರು. ಗೋಖಲೆಯವರು ೧೯೦೫ರಲ್ಲಿ ಭಾರತ ಸೇವಕ ಸಮಾಜವನ್ನು ಕಟ್ಟಿದರು. ಮಹಾತ್ಮಾ ಗಾಂಧಿಯವರು ಗೋಖಲೆಯವರನ್ನು ತಮ್ಮ ರಾಜಕೀಯ ಗುರುಗಳೆಂದು ಕರೆದರು. ೧೯೪೩ರಲ್ಲಿ ರಾನಡೆಯವರ ನೂರೊಂದನೆಯ ಜನ್ಮದಿನದಂದು ಪುಣೆಯಲ್ಲಿ ಡಾಕ್ಟರ್ ಅಂಬೇಡಕರರು ಅವರ ಹಿರಿಮೆಯನ್ನು ಕುರಿತು ಉಪನ್ಯಾಸ ಮಾಡಿದರು. ಹೀಗೆ ಆ ಪರಂಪರೆಯು ಒಂದು ಮನೆಯದಾಗಿ ಉಳಿಯದೆ ದೇಶದ್ದಾಯಿತು.

ರಾನಡೆಯವರು ತಪ್ಪಿಲ್ಲದ ಪುರುಷರಾಗಿರಲಿಲ್ಲ. ಬಾಗಬಾರದಾಗಿದ್ದ ಕಡೆ ಒಮ್ಮೆ ಬಾಗಿದರು. ಅದಕ್ಕಾಗಿ ಬಂದ ನಿಂದೆಯನ್ನು ಅನ್ಯಾಯವೆನ್ನದೆ ಸ್ವೀಕರಿಸಿದರು. ಆದರೆ ತಪ್ಪನ್ನು ನೆನೆದು ಕೈಕಟ್ಟಿ ಕೂಡದೆ, ಅದೇ ಮನೆಯೊಳಗೆ ಒಂದು ಹಣತೆಯನ್ನು ಹಚ್ಚಿ, ಆ ಬೆಳಕಿನಿಂದ ನೂರಾರು ಮನೆಗಳ ದೀಪಗಳು ಹೊತ್ತಿಕೊಳ್ಳುವಂತೆ ಮಾಡಿದರು. ಕೋರ್ಟಿನಲ್ಲಿ ಬರೆದ ತೀರ್ಪುಗಳು ವಕೀಲರ ಪುಸ್ತಕಗಳಲ್ಲಿ ಉಳಿದಿವೆ. ರೈತನ ಗುಡಿಸಲಿನಲ್ಲಿ, ಹೆಣ್ಣುಮಕ್ಕಳ ಪಾಠಶಾಲೆಯಲ್ಲಿ, ಶಿಷ್ಯರ ಅಂತಃಕರಣದಲ್ಲಿ ಅವರು ಬರೆದುದು ಅದಕ್ಕಿಂತ ಹೆಚ್ಚು ಕಾಲ ಬಾಳತಕ್ಕದ್ದು. ಮಠವಾಗಲಿ ನ್ಯಾಯಪೀಠವಾಗಲಿ, ಪೀಠದ ಗೌರವವು ಅದರ ಎತ್ತರದಿಂದಲ್ಲ, ಅಲ್ಲಿ ಕುಳಿತವರು ಎಷ್ಟು ಸಲ ಕೆಳಗಿಳಿದು ದೀನರ ಬಳಿಗೆ ನಡೆದರೆಂಬುದರಿಂದ ತಿಳಿಯುತ್ತದೆ. ಆ ಅಳತೆಯಿಂದ ನೋಡಿದರೆ ನ್ಯಾಯಮೂರ್ತಿ ಎಂಬ ಹೆಸರು ರಾನಡೆಯವರಿಗೆ ಸರಕಾರವು ಕೊಟ್ಟ ಪದವಿಯಷ್ಟೇ ಆಗಿರದೆ ಅವರ ಬಾಳಿನ ಅನ್ವರ್ಥನಾಮವೇ ಆಗಿತ್ತು.